ಮಣೆ ಮೇಲಿನ ದೊಡ್ಡಮ್ಮ

ಕನ್ನಡದಲ್ಲಿ ‘ಬರೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಸ್ಲೇಟು ಹಿಡಿದ ಮಗುವಿಗೆ ‘ಬರೆ’ ಅಂದರೆ ಅಕ್ಷರ ಬರೆ ಎಂದು. ದನ ಕಾಯ್ದವರಿಗೆ ‘ಬರೆ’ ಅಂದರೆ ಕಾದ ಕಬ್ಬಿಣದಿಂದ ಎಳೆದ ಗುರುತು. ಹುಲಿಯ ಪಟ್ಟೆ ನೋಡಿ ಆಸೆಪಟ್ಟ ನರಿ ತಾನೂ ಮೈಗೆ ಬರೆ ಹಾಕಿಕೊಂಡ ಗಾದೆ ಎಲ್ಲರಿಗೂ ಗೊತ್ತು. ನಾನು ಮಾಡುವ ಕೆಲಸದಲ್ಲಿ ಈ ಎರಡು ಬರೆಗಳೂ ಒಂದೇ. ಕಾದ ಮೊನೆಯಿಂದ ಹಲಗೆಗೆ ಬರೆ ಎಳೆದು ಮುಖ ಬರೆಯುತ್ತೇನೆ. ಅದೂ ಎಪ್ಪತ್ತು ದಾಟಿದವರ ಮುಖ. ನಮ್ಮ ಬೀದಿಯ ಮಕ್ಕಳು ನನಗೆ ಇಟ್ಟಿರುವ ಹೆಸರು ‘ಸುಡೋ ಅಜ್ಜಿ’. ಕೇಳಲು ರಾಕ್ಷಸಿಯ ಹೆಸರಿನಂತಿದೆ, ಆದರೂ ನನಗೆ ಇಷ್ಟವೇ.

ಇದಕ್ಕೆ ಪೈರೋಗ್ರಫಿ ಎನ್ನುತ್ತಾರೆ. ಗ್ರೀಕ್ ಮೂಲದ ಪದ, ಬೆಂಕಿಯ ಬರಹ ಎಂದರ್ಥ. ಯುರೋಪಿನಲ್ಲಿ ಹಿಂದೆ ಇದನ್ನು ಒಲೆಯ ಕೆಂಡ ಕೆದಕುವ ಕಬ್ಬಿಣದ ಕೋಲಿನಿಂದಲೇ ಮಾಡುತ್ತಿದ್ದರು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಒಣಗಿದ ಸೋರೆ ಬುರುಡೆಯ ಮೇಲೆ ಉರಿಯುವ ಕಡ್ಡಿಯ ಕೆಂಡದಿಂದ ಚಿತ್ರ ಸುಡುತ್ತಾರೆ. ಅಷ್ಟು ದೂರ ಏಕೆ, ಛತ್ತೀಸಗಢದ ಬಸ್ತರ್‌ನಲ್ಲಿ ಕಾದ ಕಬ್ಬಿಣದಿಂದ ಬುರುಡೆಯ ಮೇಲೆ ಹೂಬಳ್ಳಿ ಬಿಡಿಸುವ ಕುಶಲಕರ್ಮಿಗಳಿದ್ದಾರೆ. ನನ್ನ ಹತ್ತಿರ ಇರುವುದು ಕರೆಂಟಿನಿಂದ ಕಾಯುವ ಪೆನ್ನಿನಂಥ ಒಂದು ಬರ್ನರ್. ತುದಿಯಲ್ಲಿ ನೈಕ್ರೋಮ್ ತಂತಿಯ ಸಣ್ಣ ಮೊನೆ, ಪಕ್ಕದಲ್ಲಿ ಕಾವು ಏರಿಸಿ ಇಳಿಸುವ ಒಂದು ತಿರುಪು. ಅಷ್ಟೇ.

ಬೆಂಕಿಯ ಮೊನೆ ನನ್ನ ಕೈಗೆ ಬಂದದ್ದು ಚಿತ್ರಕಲೆಯಿಂದಲ್ಲ, ಹೊಟ್ಟೆಪಾಡಿನಿಂದ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕಿದೆ. ಸಾಲಾಗಿ ಕೂತ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದು ಸಾಲ್ಡರಿಂಗ್ ಕಡ್ಡಿ, ಮೂಗಿಗೆ ರಾಳದ ಹೊಗೆ. ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಮೊನೆ ಅದಕ್ಕಿಂತ ಬಹಳ ಹೆಚ್ಚು ಕಾದಿರಬೇಕು, ಆದರೆ ಬೋರ್ಡಿನ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಮುಟ್ಟು, ಕರಗಿಸು, ತೆಗೆ. ದಿನಕ್ಕೆ ಸಾವಿರಾರು ಸಲ. ನಿವೃತ್ತಿಯಾದ ಮೇಲೂ ಕೈ ಆ ಲೆಕ್ಕವನ್ನು ಮರೆಯಲಿಲ್ಲ. ಮೊಮ್ಮಗಳ ಶಾಲೆಯ ಕ್ರಾಫ್ಟ್ ಕೆಲಸಕ್ಕೆಂದು ಹಳೆಯ ಚಪಾತಿ ಮಣೆಯ ಮೇಲೆ ಅವಳ ಹೆಸರನ್ನು ಸಾಲ್ಡರಿಂಗ್ ಕಡ್ಡಿಯಲ್ಲೇ ಸುಟ್ಟುಕೊಟ್ಟೆ. ಅಕ್ಷರ ಜೇನಿನ ಬಣ್ಣಕ್ಕೆ ತಿರುಗಿದ್ದು ನೋಡಿ ಅವಳಿಗಿಂತ ನನಗೇ ಹೆಚ್ಚು ಹುಚ್ಚು ಹಿಡಿಯಿತು.

ನಮ್ಮ ಮನೆ ಇರುವುದು ಮಾಗಡಿ ರಸ್ತೆಯ ಕಡೆಯ ಶ್ರೀಗಂಧದ ಕಾವಲ್‌ನಲ್ಲಿ, ಸುಂಕದಕಟ್ಟೆಗೆ ಹತ್ತಿರ. ವಿಳಾಸ ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ: “ಹಾಗಾದ್ರೆ ಗಂಧದ ಮರದ ಮೇಲೆ ಮಾಡ್ತೀರಾ?” ಕಾವಲು ಎಂದರೆ ಕಾದಿಟ್ಟ ಭೂಮಿ. ಈಗ ಇಲ್ಲಿ ಕಾಯುವುದೆಂದರೆ ನೀರಿನ ಟ್ಯಾಂಕರ್ ಮತ್ತು ಬಸ್ಸು. ಗಂಧದ ವಾಸನೆ ಬರುವುದು ಊದುಬತ್ತಿಯಿಂದ. ನಮ್ಮ ಅಜ್ಜನ ಕಾಲದಲ್ಲಿ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಕಳುವಾದರೆ ತಲೆನೋವು ಎಂದು ಬದುವಿನಲ್ಲಿ ಮೊಳೆತ ಸಸಿಯನ್ನೇ ಕಿತ್ತೆಸೆಯುತ್ತಿದ್ದವರುಂಟು. 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾದ ಮೇಲೆ ಜಮೀನಿನವರೇ ಮರದ ಒಡೆಯರಾದರು. ಮಕ್ಕಳಿಗೆ ಇನ್ನೊಂದು ವಿಷಯ ಹೇಳಬೇಕು. ಗಂಧದ ಮರ ಒಂಟಿಯಾಗಿ ಚೆನ್ನಾಗಿ ಬೆಳೆಯುವುದಿಲ್ಲ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಅವುಗಳ ಸಾರ ಹೀರುತ್ತದೆ. ಅಷ್ಟು ಪರಿಮಳದ ಮರ, ಮಾಡುವುದು ನೆರೆಮನೆಯ ಸಾಲ! ಅಂಥ ಬೆಲೆಬಾಳುವ ಮರದ ಮೇಲೆ ಬರೆ ಎಳೆಯುವ ಧೈರ್ಯವೂ ನನಗಿಲ್ಲ, ದುಡ್ಡೂ ಇಲ್ಲ.

ನನಗೆ ಬೇಕಾದದ್ದು ತಿಳಿ ಬಣ್ಣದ, ಒತ್ತಾದ ಎಳೆಯ, ಮೆದು ಮರ. ಬೀಟೆ ಕಪ್ಪು, ಅದರ ಮೇಲೆ ಸುಟ್ಟ ಗೆರೆ ಕಾಣುವುದೇ ಇಲ್ಲ. ತೇಗದಲ್ಲಿ ಎಣ್ಣೆ ಅಂಶ ಹೆಚ್ಚು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ ತುಂಡು ಹಲಗೆಗಳ ರಾಶಿಯಲ್ಲಿ ಹುಡುಕುವುದು ನನಗೆ ಸೀರೆ ಅಂಗಡಿಗೆ ಹೋದಷ್ಟೇ ಖುಷಿ. ಎಲ್ಲಕ್ಕಿಂತ ಒಳ್ಳೆಯದು ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ. ಬೆಣ್ಣೆಯ ಬಣ್ಣ, ಎಳೆಯೇ ಕಾಣದಷ್ಟು ನಯ. ಆದರೆ ದಿಮ್ಮಿ ಸಣ್ಣದು, ಅಗಲದ ಹಲಗೆ ಸಿಗುವುದಿಲ್ಲ. ಚನ್ನಪಟ್ಟಣದವರ ಕೆಲಸದಲ್ಲೂ ಕಾವೇ ಮುಖ್ಯ ಎಂಬುದು ಅಲ್ಲಿ ಹೋಗಿ ನೋಡಿದಾಗ ತಿಳಿಯಿತು. ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಅವರು ಸುಡದಂತೆ ಬಿಸಿ ಮಾಡುತ್ತಾರೆ, ನಾನು ಸುಡುವಷ್ಟು ಬಿಸಿ ಮಾಡುತ್ತೇನೆ.

ಮರ ಕಂದಾಗುವುದು ದೋಸೆ ಕಂದಾದ ಹಾಗೆ. ಸುಮಾರು ಇನ್ನೂರು ಡಿಗ್ರಿ ದಾಟಿದ ಮೇಲೆ ಮರದೊಳಗಿನ ಅಂಶಗಳು ಒಡೆದು ಬಣ್ಣ ತಿರುಗುತ್ತವೆ. ಕಾವಲಿ ಹದವಾಗಿದ್ದರೆ ಹೊಂಬಣ್ಣ, ಹೊಗೆಯಾಡಿದರೆ ಕರಿ. ಮೊನೆಯನ್ನು ಒತ್ತಬಾರದು, ತೇಲಿಸಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿ ಕಪ್ಪು ಚುಕ್ಕೆ. ಹಾಗಾಗಿ ವಿಮಾನ ಇಳಿಯುವಂತೆ ಚಲಿಸುತ್ತಲೇ ಹಲಗೆ ಮುಟ್ಟಬೇಕು, ಚಲಿಸುತ್ತಲೇ ಏಳಬೇಕು. ರಬ್ಬರ್ ಹಾಕಿ ಅಳಿಸುವ ಮಾತೇ ಇಲ್ಲ. ಬಿಳಿ ಬಣ್ಣವೂ ಇಲ್ಲ. ಬಿಳಿ ಬೇಕಾದ ಕಡೆ ಮರವನ್ನು ಮುಟ್ಟದೆ ಬಿಡಬೇಕು. ನರೆತ ಕೂದಲು, ಕಣ್ಣಿನ ಹೊಳಪು, ಕನ್ನಡಕದ ಮಿಂಚು ಇವೆಲ್ಲ ನಾನು ಬರೆದದ್ದಲ್ಲ, ಬರೆಯದೆ ಉಳಿಸಿದ್ದು.

(ಮಕ್ಕಳೇ, ಇದನ್ನು ಓದಿ ಅಡುಗೆಮನೆಗೆ ಓಡಬೇಡಿ. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಬರ್ನರ್ ಮುಟ್ಟುವುದು ಬೇಡ. ಬಣ್ಣ, ಪಾಲಿಶ್ ಬಳಿದ ಮರ ಸುಡಬಾರದು. ಪ್ಲೈವುಡ್ಡು, ಒತ್ತಿದ ಹುಡಿಯ ಹಲಗೆ ಬೇಡ, ಅದರ ಅಂಟಿನ ಹೊಗೆ ವಿಷ. ಕಣಗಿಲೆಯ ಕೊಂಬೆ ಬೇಡವೇ ಬೇಡ, ಆ ಗಿಡವೇ ವಿಷ. ಕಿಟಕಿ ತೆಗೆದಿರಲಿ.)

ಎಪ್ಪತ್ತು ದಾಟಿದವರೇ ಏಕೆ ಎಂದು ಕೇಳಬಹುದು. ಒಂದು ಕಾರಣ ಕೆಲಸದ್ದು. ಎಳೆಮಗುವಿನ ಮುಖದಲ್ಲಿ ಗೆರೆಯೇ ಇಲ್ಲ. ಕೆನ್ನೆಯ ಮೇಲೆ ಒಂದು ಗೆರೆ ಎಳೆದರೆ ಸಾಕು, ಮಗು ಮುದುಕನಾಗುತ್ತದೆ. ವಯಸ್ಸಾದವರ ಮುಖ ಹಾಗಲ್ಲ. ಹಣೆಯಲ್ಲಿ ಉಳುಮೆ, ಕಣ್ಣಂಚಿನಲ್ಲಿ ಕೋಳಿಪಾದ, ಕೊರಳಲ್ಲಿ ಹಗ್ಗದಂಥ ನರ. ಎಲ್ಲವೂ ಗೆರೆಗಳೇ. ಮೊದಲೇ ಅರ್ಧ ಬರೆದಿಟ್ಟ ಚಿತ್ರ.

ಇನ್ನೊಂದು ಕಾರಣ ಗೋಡೆಯದು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹಿರಿಯರ ಚಿತ್ರ ಹಜಾರದ ಗೋಡೆಗೆ ಏರುವುದು ಅವರು ಹೋದ ಮೇಲೆ. ಹನ್ನೊಂದನೇ ದಿನಕ್ಕೆ ಸ್ಟುಡಿಯೋಗೆ ಓಡಿ, ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಮುಖ ಕತ್ತರಿಸಿ, ಹಿಂದೆ ನೀಲಿ ಆಕಾಶ ಹಾಕಿಸಿ, ಚೌಕಟ್ಟು ಕಟ್ಟಿಸಿ, ಗಂಧದ ಚಕ್ಕೆಯ ಹಾರ ಹಾಕುತ್ತೇವೆ. ನಮ್ಮಪ್ಪನ ಫೋಟೋ ಹಾಗೇ ಬಂದದ್ದು. ಆ ಫೋಟೋದಲ್ಲಿ ಅವರ ಎಡಹುಬ್ಬಿನ ಮೇಲಿನ ಗಾಯದ ಗುರುತನ್ನು ಸ್ಟುಡಿಯೋದವರು ನಯ ಮಾಡಿ ಅಳಿಸಿಬಿಟ್ಟರು. ಚಿಕ್ಕಂದಿನಲ್ಲಿ ಆ ಗಾಯದ ಕತೆಯನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೆ. ಒಮ್ಮೆ ಗೂಳಿ, ಒಮ್ಮೆ ಬಾವಿಯ ರಾಟೆ, ಒಮ್ಮೆ ಪಕ್ಕದೂರಿನವರೊಡನೆ ಕಬಡ್ಡಿ. ಯಾವುದು ನಿಜ ಎಂದು ಕೇಳಲು ಈಗ ಅವರಿಲ್ಲ, ಗಾಯವೂ ಇಲ್ಲ.

ಹಾಗಾಗಿ ಇರುವವರನ್ನು ಇರುವಾಗಲೇ ಬರೆಯಬೇಕು, ಅವರೇ ನೋಡಿ ತಕರಾರು ತೆಗೆಯಬೇಕು ಎಂಬುದು ನನ್ನ ಹಟ.

ತಕರಾರು ಮೊದಲ ದಿನವೇ ಬಂತು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಮಾಗಡಿ ಹತ್ತಿರದ ಹಳ್ಳಿಯವರು, ಈಗ ಮಗನ ಜೊತೆ ವಿಜಯನಗರದಲ್ಲಿದ್ದಾರೆ. “ನಿಮ್ಮ ಮುಖ ಮರದ ಮೇಲೆ ಸುಡ್ತೀನಿ ದೊಡ್ಡಮ್ಮ” ಎಂದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

“ಏನೇ ಅಂದೆ? ಬದುಕಿರೋ ಮುದುಕೀನ ಕಟ್ಟಿಗೆ ಮೇಲಿಟ್ಟು ಬೆಂಕಿ ಇಡ್ತೀಯಾ? ಅಷ್ಟು ಅವಸರ ಏನಿದೆ ನಿಂಗೆ?”

ಅಣ್ಣ ನಕ್ಕ, ಅತ್ತಿಗೆ ನಕ್ಕಳು. ದೊಡ್ಡಮ್ಮ ನಗಲಿಲ್ಲ. ನನಗೂ ನಗು ಬರಲಿಲ್ಲ. ಏಕೆಂದರೆ ಅದು ತಮಾಷೆಯ ಮಾತಲ್ಲ. ಕಟ್ಟಿಗೆ, ಬೆಂಕಿ, ಮನುಷ್ಯರ ಮೈ ಈ ಮೂರು ಒಟ್ಟಿಗೆ ಸೇರುವ ಜಾಗ ನಮ್ಮಲ್ಲಿ ಒಂದೇ. ಗಂಡನನ್ನೂ ಇಬ್ಬರು ತಮ್ಮಂದಿರನ್ನೂ ಅಲ್ಲಿಗೆ ಕಳಿಸಿಕೊಟ್ಟವರು ಅವರು. “ಇದು ಕಲೆ ದೊಡ್ಡಮ್ಮ, ವಿದೇಶದಲ್ಲೆಲ್ಲ ಮಾಡ್ತಾರೆ” ಎಂದು ವಾದಿಸಬಹುದಿತ್ತು. ವಾದದಲ್ಲಿ ಗೆದ್ದು ಏನು ಮಾಡಲಿ? ಅವರಿಗೆ ಇಷ್ಟವಿಲ್ಲದೆ ಅವರ ಮುಖ ಬರೆಯಲು ನನಗೆ ಮನಸ್ಸಿರಲಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ನಾಲ್ಕು ತಿಂಗಳು ಕಳೆಯಿತು. ಗೌರಿ ಹಬ್ಬಕ್ಕೆ ದೊಡ್ಡಮ್ಮ ನಮ್ಮ ಮನೆಗೆ ಬಂದು ಒಂದು ವಾರ ಇದ್ದರು. ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಅಜ್ಜಿಯ ಕಾಲದ ಹಲಸಿನ ಮಣೆಯೊಂದು ಸಿಕ್ಕಿತ್ತು. ಅದನ್ನು ಒರೆಸಿ ಬಿಸಿಲಿಗೆ ಇಟ್ಟಿದ್ದೆ. ದೊಡ್ಡಮ್ಮ ಅದರ ಸುತ್ತ ಎರಡು ಸಲ ಓಡಾಡಿದರು. ಆಮೇಲೆ ನಿಧಾನವಾಗಿ ಬಗ್ಗಿ, ಅಂಚಿನಲ್ಲಿದ್ದ ಒಂದು ಸೀಳನ್ನು ಮುಟ್ಟಿದರು.

“ಇದು ನನ್ನ ಮದುವೆ ಮಣೆ ಕಣೇ.”

ಅವರಿಗೆ ಆಗ ಹದಿನಾರು ವರ್ಷ. ಬೆಳಗಿನಿಂದ ಸಂಜೆಯವರೆಗೆ ಆ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರಂತೆ. ಫೋಟೋ ತೆಗೆಯುವವರನ್ನು ಕರೆಸುವಷ್ಟು ಅನುಕೂಲ ಇರಲಿಲ್ಲ. “ಬಂದೋರೆಲ್ಲ ನನ್ನ ಬೈತಲೆ ನೋಡ್ಕೊಂಡು ಹೋದ್ರು, ಮುಖ ಯಾರು ನೋಡಿದ್ರು?” ಎಂದು ನಕ್ಕರು. ಸಂಜೆ ಹೂ ಕಟ್ಟುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: “ಅವತ್ತು ಏನೋ ಬರೀತೀನಿ ಅಂದ್ಯಲ್ಲ, ಅದನ್ನ ಈ ಮಣೆ ಮೇಲೆ ಬರೆಯೋಕೆ ಆಗತ್ತೇನು?”

“ಆಗತ್ತೆ.”

“ಮಣೆ ಮೇಲೆ ಆದ್ರೆ ಕೂರ್ತೀನಿ.”

ಕಟ್ಟಿಗೆ ಬೇರೆ, ಮಣೆ ಬೇರೆ. ಎರಡೂ ಮರವೇ, ಎರಡಕ್ಕೂ ಅದೇ ಬೆಂಕಿಯೇ. ಆದರೆ ಭಾಷೆ ಬಲ್ಲವರಿಗೆ ವ್ಯತ್ಯಾಸ ಗೊತ್ತು.

ಷರತ್ತುಗಳನ್ನೂ ಹಾಕಿದರು. ಹಿರಿಯರ ಫೋಟೋಗಳಿರುವ ದಕ್ಷಿಣದ ಗೋಡೆಗೆ ಹಾಕಕೂಡದು. ಕುಂಕುಮ ಇಡಕೂಡದು. ಹಾರದ ಹೆಸರು ಎತ್ತಕೂಡದು. ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒರಗಿಸಿಡಬೇಕು, “ಅಲ್ಲಿ ನಿಮ್ಮ ಅಡುಗೆ ನೋಡ್ಕೊಂಡಿರ್ತೀನಿ.” ಮಣೆಯ ಮೇಲ್ಮೈಯಲ್ಲಿ ಎಣ್ಣೆ, ಅರಿಸಿನ ಎಲ್ಲ ಇಳಿದಿತ್ತು. ಹಾಗಾಗಿ ಕೆಳಮೈಯನ್ನು ಬಡಗಿಯ ಹತ್ತಿರ ನುಣುಪು ಮಾಡಿಸಿದೆ. ಹೊಗೆ ಹಿಡಿದ ಕಪ್ಪಿನ ಕೆಳಗಿನಿಂದ ಹಲಸಿನ ಅರಿಸಿನದ ಬಣ್ಣ ಎದ್ದು ಬಂತು. ಹಲಸಿಗೆ ಒಂದು ಗುಣವಿದೆ. ಹೊಸದಾಗಿ ಕೊಯ್ದಾಗ ಹಳದಿ, ಗಾಳಿ ಬೆಳಕು ತಾಕುತ್ತಾ ವರ್ಷಗಳಲ್ಲಿ ಕಂದು. ಹಲಗೆ ಕಂದಾದಂತೆ ತೆಳು ಗೆರೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ಹಲಸಿನ ಮೇಲೆ ಈಗ ಬೇಕಾದ್ದಕ್ಕಿಂತ ಒಂದು ಪಾಲು ಗಾಢವಾಗಿ ಸುಡುವುದು ನನ್ನ ಪದ್ಧತಿ. ಹತ್ತು ವರ್ಷದ ನಂತರ ನೋಡುವವರ ಲೆಕ್ಕ ಇಟ್ಟುಕೊಂಡು.

ದೊಡ್ಡಮ್ಮ ದಿನಕ್ಕೆ ಒಂದು ಗಂಟೆ ಕೂರುತ್ತಿದ್ದರು, ಸುಮ್ಮನೆ ಮಾತ್ರ ಕೂರುತ್ತಿರಲಿಲ್ಲ. ಕಿವಿಗೆ ಬಂದಾಗ ಕೈ ನಿಲ್ಲಿಸಿದೆ. ಅವರ ಕಿವಿಯ ತೂತು ಸೀಳಿ, ಹಾಲೆ ಉದ್ದಕ್ಕೆ ಜೋತಿದೆ. ಖಾಲಿಯಾಗಿ. “ಓಲೆ ಹಾಕಿ ಬರೀಲಾ?” ಎಂದು ಕೇಳಿದೆ.

“ಬೇಡ. ಹಂಗೇ ಇರ್ಲಿ. ಆ ಓಲೆ ಮಾರಿ ನಿಮ್ಮಣ್ಣನ್ನ ಪಾಲಿಟೆಕ್ನಿಕ್ ಸೇರಿಸಿದ್ದು.”

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಈಗ ಅರವತ್ತೆರಡು. ಓಲೆ ಕಳೆದುಹೋಯಿತು ಎಂದೇ ಅವನಿಗೆ ಇಷ್ಟು ವರ್ಷ ಹೇಳಿದ್ದರಂತೆ. ಅವನು ಏನೂ ಮಾತಾಡದೆ ಹೊರಗೆ ಹೋಗಿ ಸ್ಕೂಟರ್ ಒರೆಸತೊಡಗಿದ. ಆಗಲೇ ಒರೆಸಿದ್ದ ಸ್ಕೂಟರ್. ದೊಡ್ಡಮ್ಮ ನನ್ನ ಕಡೆ ತಿರುಗಿ, “ಮೂಗು ಇಷ್ಟು ದಪ್ಪ ಯಾಕೆ ಮಾಡಿದ್ದೀಯಾ? ನಿಮ್ಮಮ್ಮನ ಮೂಗು ಅದು, ನಂದಲ್ಲ” ಎಂದರು. ನಾನು ಕನ್ನಡಿ ತಂದುಕೊಟ್ಟೆ. ನೋಡಿಕೊಂಡು, ಕನ್ನಡಿಯೇ ಸರಿಯಿಲ್ಲ ಎಂದರು.

ಆ ಖಾಲಿ ತೂತನ್ನು ಸುಡಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಅಂಗುಲದಷ್ಟೂ ಇಲ್ಲದ ಜಾಗ. ಈಗ ಮನೆಗೆ ಬಂದ ಮಕ್ಕಳು ಮಣೆ ನೋಡಿದರೆ ಮೊದಲು ಕೇಳುವುದು ಅದನ್ನೇ. ದೊಡ್ಡಮ್ಮ ಇದ್ದರೆ ಅವರೇ ಉತ್ತರ ಹೇಳುತ್ತಾರೆ.

ದೊಡ್ಡಮ್ಮನ ಸುದ್ದಿ ಬೀದಿಗೆ ಹಬ್ಬಿದ್ದು ಇಸ್ತ್ರಿ ತಾತನಿಂದ. ನಮ್ಮ ಬೀದಿಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ತಾತನ ಗಾಡಿ. ಎಪ್ಪತ್ತೆಂಟು ವರ್ಷ. ಇದ್ದಿಲು ತುಂಬುವ ಭಾರದ ಇಸ್ತ್ರಿ ಪೆಟ್ಟಿಗೆಯನ್ನು ಇವತ್ತಿಗೂ ಕೈಬಿಟ್ಟಿಲ್ಲ. ಮಣೆಯನ್ನು ನೋಡಲು ಬಂದವರು ಚಿತ್ರ ನೋಡುವ ಮೊದಲು ಬರ್ನರ್ ನೋಡಿದರು. “ಎಷ್ಟು ಕಾವಿಡ್ತೀಯಮ್ಮಾ?” ಎಂದು ಕೇಳಿ, ಬೆರಳು ನೀರಿಗೆ ಅದ್ದಿ ಒಂದು ಹನಿ ಮೊನೆಗೆ ಸಿಡಿಸಿದರು. ಚುಂಯ್ ಎಂದ ಸದ್ದಿನಲ್ಲೇ ಅವರಿಗೆ ಲೆಕ್ಕ ಸಿಕ್ಕಿತು. “ರೇಷ್ಮೆಗಾದ್ರೆ ಜಾಸ್ತಿ, ಕಾಟನ್‌ಗೂ ಜಾಸ್ತಿ” ಎಂದರು. ಆಮೇಲೆ ದೊಡ್ಡಮ್ಮನ ಕೆನ್ನೆಯ ಕಂದು ಬಣ್ಣ ನೋಡಿ ತಲೆದೂಗಿದರು. “ಬಟ್ಟೆ ಮೇಲೆ ನಾನು ಇಷ್ಟು ಕಂದು ತಂದಿದ್ರೆ ಗಿರಾಕಿ ನನ್ನ ಸುಮ್ನೆ ಬಿಡ್ತಿದ್ರಾ? ನಿಂಗೆ ಶಹಬ್ಬಾಸ್ ಅಂತಾರೆ!” ಐವತ್ತು ವರ್ಷ ಸುಡದಂತೆ ಕೆಲಸ ಮಾಡಿದ ಮನುಷ್ಯ ಅವರು. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಬೇರೆ ಯಾರೂ ಇಲ್ಲ.

ಹೋಗುವಾಗ ಮೆಟ್ಟಿಲು ತಡಕಿದರು. ಆಗಲೇ ನನಗೆ ಗೊತ್ತಾದದ್ದು. ತಾತನಿಗೆ ಗ್ಲಾಕೋಮಾ. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ತೋರಿಸುತ್ತಿದ್ದಾರೆ. ಕಣ್ಣಿನ ಒಳಗಿನ ಒತ್ತಡ ಹೆಚ್ಚಿ, ನೋಟದ ನರ ಸ್ವಲ್ಪ ಸ್ವಲ್ಪವೇ ಸಾಯುವ ಕಾಯಿಲೆ. ನೋವೂ ಇರಲಿಲ್ಲವಂತೆ. ಅಂಚಿನಿಂದ ಶುರುವಾಗಿ ನೋಟ ಕಿರಿದಾಗುತ್ತಾ ಬಂತು. ಕಣ್ಣಿನ ಪೊರೆಯಾದರೆ ಆಪರೇಷನ್ ಮಾಡಿ ತೆಗೆಯಬಹುದು, ಇದರಲ್ಲಿ ಹೋದ ನೋಟ ಹಿಂದಕ್ಕೆ ಬರುವುದಿಲ್ಲ, ಔಷಧದ ಹನಿ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬೇಕು. “ಬಿದಿರು ಕೊಳವೆ ಒಳಗಿಂದ ನೋಡ್ದಂಗೆ ಕಾಣತ್ತಮ್ಮಾ” ಎಂದರು. ಒಂದು ಕಣ್ಣಿನದು ಆಗಲೇ ಮುಗಿದಿದೆ.

ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಹೆಂಡತಿಗೆ ಹೇಳದೆ.

“ನಂದು ಬೇಡಮ್ಮ. ಅವಳದು ಮಾಡು. ಬೆರಳಿಗೆ ಗೊತ್ತಾಗೋ ಹಂಗೆ ಮಾಡೋಕಾಗತ್ತಾ?”

ಸುಟ್ಟ ಗೆರೆ ಬರೀ ಬಣ್ಣವಲ್ಲ, ಹಳ್ಳ. ದೊಡ್ಡಮ್ಮನ ಮಣೆ ಮುಟ್ಟಿದಾಗ ಅವರ ಬೆರಳು ಅದನ್ನು ಕಂಡುಕೊಂಡಿತ್ತು. ಫೋಟೋ ಬೆರಳಿಗೆ ಗಾಜು, ಅಷ್ಟೇ. “ಈಗ ಮಾಡಿದ್ರೆ ನಾನು ಕಣ್ಣಲ್ಲಿ ನೋಡಿ ಸರಿ ಇದೆಯೋ ಇಲ್ವೋ ಹೇಳ್ತೀನಿ. ಆಮೇಲೆ ಬೆರಳು ನೋಡ್ಕೊಳ್ಳತ್ತೆ” ಎಂದರು. ಹಬ್ಬದ ಬಟ್ಟೆ ಯಾವ ದಿನಕ್ಕೆ ರೆಡಿಯಾಗಬೇಕು ಎಂದು ಮಾತಾಡಿಕೊಂಡಷ್ಟು ಸಲೀಸಾಗಿ.

ನಾನು ಅದುವರೆಗೆ ಮಾಡಿದ್ದೆಲ್ಲ ಕಣ್ಣಿಗೆ. ಇದು ಬೇರೆಯದೇ ಕೆಲಸ. ತೆಳುವಾಗಿ ಕಂದು ಹರಡಿ ಕೆನ್ನೆಯ ಉಬ್ಬು ತೋರಿಸುವುದು ಬೆರಳಿಗೆ ಏನೂ ಹೇಳುವುದಿಲ್ಲ. ಬೆರಳಿಗೆ ಗೆರೆ ಬೇಕು, ಅಂಚು ಬೇಕು. ಅಂಗೈಗೆ ಹಿಡಿಸುವಷ್ಟು ಚಿಕ್ಕದಿರಬೇಕು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ತಡವುವಂತೆ. ಅದಕ್ಕೆ ಆಲೆ ಮರವೇ ಸರಿ, ಮರದ ಸ್ವಂತ ಎಳೆ ಬೆರಳಿಗೆ ಸಿಕ್ಕರೆ ಗೊಂದಲ. ಮೊಮ್ಮಗಳು ಮೊಬೈಲಿನಲ್ಲಿ ಅಜ್ಜಿಯ ಫೋಟೋ ತೆಗೆಯಲು ಹೋದಳು. ಅಜ್ಜಿಗೆ ಮುಂದಿನ ಹಲ್ಲಿಲ್ಲ, ನಕ್ಕಾಗಲೆಲ್ಲ ಸೆರಗು ಬಾಯಿಗೆ ಬರುತ್ತದೆ. ಇಪ್ಪತ್ತು ಫೋಟೋದಲ್ಲಿ ಹದಿನೆಂಟು ಸೆರಗಿನವು. ಇನ್ನು ಗುಟ್ಟೆಲ್ಲಿ ಉಳಿಯುತ್ತದೆ?

ಕೆನ್ನೆಯಲ್ಲಿ ಒಂದು ಮಚ್ಚೆ ಇದೆ. ಅದು ಬಲಗಡೆ ಎಂದರು ತಾತ. ಎಡಗಡೆ ಎಂದರು ಅಜ್ಜಿ, “ನನ್ನ ಕೆನ್ನೆ ನನಗೆ ಗೊತ್ತಿಲ್ವಾ?” ಎಂದು ರೇಗಿದರು. ಮೊಮ್ಮಗಳು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಜಗಳ ಬಿಡಿಸಿದಳು. ಎದುರು ನಿಂತವರ ಎಡ ನಮಗೆ ಬಲ. ಐವತ್ತೈದು ವರ್ಷ ಎದುರಿನಿಂದ ನೋಡಿದವರ ಲೆಕ್ಕ ಅದು.

ಆ ಮಚ್ಚೆಯೇ ನನಗೆ ದೊಡ್ಡ ಒಗಟಾಯಿತು. ಮಚ್ಚೆ ಚರ್ಮದ ಮೇಲೆ ಉಬ್ಬಿರುತ್ತದೆ, ಬೆಂಕಿ ಮರವನ್ನು ತಗ್ಗಿಸುತ್ತದೆ. ಚುಕ್ಕೆ ಸುಟ್ಟರೆ ಕಣ್ಣಿಗೆ ಮಚ್ಚೆ, ಬೆರಳಿಗೆ ಗುಳಿ. ಕಡೆಗೆ ಸುತ್ತಲಿನ ಕೆನ್ನೆಯನ್ನೇ ಉಂಗುರದಂತೆ ನಿಧಾನವಾಗಿ ಸುಟ್ಟು ತಗ್ಗಿಸಿ, ನಡುವೆ ಸಾಸಿವೆ ಕಾಳಿನಷ್ಟು ಮರವನ್ನು ಎತ್ತರಕ್ಕೆ ಬಿಟ್ಟೆ. ಅದರ ನೆತ್ತಿಗೆ ಮೊನೆಯನ್ನು ತಾಗಿಸಿಯೂ ತಾಗಿಸದಂತೆ ಒಂದು ಸುತ್ತು ಆಡಿಸಿದರೆ ಕಂದು ಬಣ್ಣ ಬಂತು. ಕೂದಲಿಗೆ ಹಣೆಯಿಂದ ಹಿಂದಕ್ಕೆ ಉದ್ದುದ್ದ ಗೆರೆ, ತುರುಬಿಗೆ ಸುರುಳಿ. ಮೂಗುತಿಗೆ ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ತಾತ ಗಾಡಿಯ ಡ್ರಾಯರಿನಿಂದ ತಲೆ ಗುಂಡಗಿದ್ದ ಒಂದು ಸಣ್ಣ ಹಿತ್ತಾಳೆ ಮೊಳೆ ತಂದುಕೊಟ್ಟರು. ಅದನ್ನು ಮೂಗಿನ ಜಾಗಕ್ಕೆ ಕೂರಿಸಿದೆ. ಮರ ಮೈಯ ಹಾಗೆ ಬೆಚ್ಚಗೆ, ಮೊಳೆ ಲೋಹದ ಹಾಗೆ ತಣ್ಣಗೆ. ನಿಜವಾದ ಮೂಗುತಿಯೂ ಹಾಗೇ ತಾನೇ?

ಒಂದೂವರೆ ತಿಂಗಳು ಹಿಡಿಯಿತು. ನಡುವೆ ಪ್ರತಿ ವಾರ ತಾತ ಬಂದು ಬಿಸಿಲಿಗೆ ಹಿಡಿದು, ಕತ್ತು ಅತ್ತಿತ್ತ ತಿರುಗಿಸಿ, ತಮ್ಮ ಬಿದಿರು ಕೊಳವೆಯಲ್ಲಿ ಚೂರು ಚೂರಾಗಿ ನೋಡುತ್ತಿದ್ದರು. ಗಲ್ಲ ಇನ್ನೂ ಚೂಪು ಎಂದರು. ಹುಬ್ಬು ಸರಿ ಎಂದರು. ಒಂದು ವಾರ ಏನೂ ಹೇಳದೆ ಬಹಳ ಹೊತ್ತು ಹಿಡಿದುಕೊಂಡು ಕೂತು, ಬಟ್ಟೆ ಸುಡುತ್ತೇನೋ ಎಂಬಂತೆ ದಡಬಡಿಸಿ ಎದ್ದು ಹೋದರು.

ಕೊನೆಗೆ ಹದವಾಗಿ ಸ್ಯಾಂಡ್‌ಪೇಪರ್ ತಿಕ್ಕಿ, ಜೇನುಮೇಣ ಸವರಿ, ಒಂದು ಭಾನುವಾರ ಬೆಳಿಗ್ಗೆ ಗಾಡಿಯ ಹತ್ತಿರವೇ ಒಯ್ದುಕೊಟ್ಟೆ. ಬಿಸಿಲಿನಲ್ಲಿ ಇಡಬೇಡಿ, ಗೆರೆ ಮಾಸುತ್ತದೆ ಎಂದು ಹೇಳಿದೆ. ಅಜ್ಜಿ ಬಟ್ಟೆ ಮಡಚುತ್ತಾ ನಿಂತಿದ್ದರು. ತಾತ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕೈಯನ್ನು ಪಂಚೆಗೆ ಒರೆಸಿ, ಹಲಗೆ ಹಿಡಿದು ಕಣ್ಣು ಮುಚ್ಚಿದರು. ಹೆಬ್ಬೆರಳು ತುರುಬಿನಿಂದ ಹಣೆಗೆ ಬಂತು, ಹುಬ್ಬು ದಾಟಿತು, ತಣ್ಣಗಿನ ಮೂಗುತಿಯ ಹತ್ತಿರ ನಿಂತಿತು. ಅಲ್ಲಿಂದ ಬಲಕ್ಕೆ ಜಾರಿ, ಸಾಸಿವೆ ಕಾಳು ಸಿಕ್ಕಿದ ಕಡೆ ಮತ್ತೆ ನಿಂತಿತು.

“ಹೂಂ. ಇವಳೇ” ಎಂದರು.

ಅಜ್ಜಿ ಕೈಯಲ್ಲಿದ್ದ ಅಂಗಿಯನ್ನು ಕೊಡವಿದರು. “ಕಣ್ಣು ಬಿಡ್ರೀ. ಎದುರಿಗೇ ನಿಂತಿದ್ದೀನಿ. ಕಾಣೋವರ್ಗೂ ಕಣ್ಣಲ್ಲೇ ನೋಡಿ, ಬೆರಳಿಗೆ ಆಮೇಲೆ ಟೈಮಿದೆ.”